ಆರಾಮಿದ್ದಾಗಲೂ ಇನ್ಹೇಲರ್ ಯಾಕೆ, ಹೇಗೆ
ದಾವಣಗೆರೆ ಕಡೆ ಮೆಕ್ಕೆಜೋಳ ಒಕ್ಕುವಾಗ ದೂಳು ಜಾಸ್ತಿ, ಅಲರ್ಜಿ ಆಸ್ತಮಾ ಇದ್ದವರಿಗೆ ಎದೆ ಬಿಗಿಯುತ್ತದೆ ಅಲ್ವಾ? ದೂಳಿನಲ್ಲಿರುವ ಬೂಷ್ಟು, ಸಣ್ಣ ಹುಳಗಳನ್ನು ಶತ್ರು ಅಂದುಕೊಂಡ ಟಿಎಚ್2 ಎಂಬ ರೋಗನಿರೋಧಕ ಕೋಶಗಳು ಐಎಲ್-5 ಎಂಬ ಸಂಕೇತ ಕಳಿಸಿ ಊತ ತರುವ ಬಿಳಿ ರಕ್ತಕಣಗಳಾದ ಇಯೊಸಿನೊಫಿಲ್‌ಗಳನ್ನು ಕರೆಸುತ್ತವೆ, ಐಎಲ್-4 ಎಂಬ ಇನ್ನೊಂದು ಸಂಕೇತ ಕಳಿಸಿ ಅಲರ್ಜಿಯ ಪ್ರತಿಕಾಯವಾದ ಐಜಿಇ ಹೆಚ್ಚಿಸುತ್ತವೆ, ಉಸಿರಿನ ಕೊಳವೆ ಊದಿಕೊಳ್ಳುತ್ತದೆ. ಈ ಟಿಎಚ್2 ಕೋಶಗಳನ್ನು ತಡೆಯಬೇಕಾದ ಟಿ-ರೆಗ್ ಎಂಬ ಕೋಶಗಳ ಹಿಡಿತವೂ ಸಡಿಲವಾಗಿರುತ್ತದೆ. ಸ್ಟೀರಾಯ್ಡ್ ಇನ್ಹೇಲರ್ ಈ ಸಂಕೇತಗಳನ್ನೇ ತಗ್ಗಿಸುತ್ತದೆ, ನಿಧಾನವಾಗಿ. ಅದಕ್ಕೇ ಆರಾಮಿದ್ದಾಗಲೂ ಅದು ಬೇಕು, ಡಾಕ್ಟರನ್ನು ಕೇಳದೆ ಸುಮ್ನೆ ನಿಲ್ಲಿಸಬೇಡಿ.

ಇನ್ಹೇಲರನ್ನು ಚೆನ್ನಾಗಿ ಕುಲುಕಿ, ಸ್ಪೇಸರ್‌ಗೆ (ಔಷಧಿ ಹಿಡಿದಿಡುವ ಕೊಳವೆ) ಜೋಡಿಸಿ. ಉಸಿರು ಹೊರಬಿಟ್ಟು, ಸ್ಪೇಸರನ್ನು ತುಟಿಯಲ್ಲಿ ಬಿಗಿಯಾಗಿ ಹಿಡಿದು, ಇನ್ಹೇಲರನ್ನು ಒಮ್ಮೆ ಒತ್ತಿ, ನಿಧಾನವಾಗಿ ಉಸಿರೆಳೆದು 10 ಸೆಕೆಂಡ್ ತಡೆಯಿರಿ. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಫಂಗಸ್ ಬರಬಹುದು. ಮಾತಾಡಲೂ ಆಗದಷ್ಟು ಉಬ್ಬಸ ಬಂದರೆ ಕಾಯಬೇಡಿ, ರಿಲೀವರ್ (ತಕ್ಷಣ ಉಸಿರು ಸರಾಗ ಮಾಡುವ ಇನ್ಹೇಲರ್) ತೆಗೆದುಕೊಳ್ಳುತ್ತಲೇ ಆಸ್ಪತ್ರೆಗೆ ಹೊರಡಿ.