ಯಾರೂ ಕುಡಿಯದ ಕಾಫಿಗೆ ಒಲೆ ಹಚ್ಚಿದ್ದು

2017ರ ಜುಲೈ 11ರಂದು ಶಿಕಾಗೋದ ಡೇಲಿ ಪ್ಲಾಜಾ ಚೌಕದಲ್ಲಿ ನಿಂತು, ಸ್ರೆಬ್ರೆನಿತ್ಸಾ ಹತ್ಯಾಕಾಂಡದಲ್ಲಿ ಸತ್ತವರ ನೆನಪಿಗೆ ನಾನು ಕಾಫಿ ಮಾಡಿದೆ. ಬೋಸ್ನಿಯಾದ ಸಹೋದ್ಯೋಗಿಯೊಬ್ಬರು, ಕೆಲಸಕ್ಕೆ ಜನ ಸಾಲದು, ಬಾ ಅಂದಿದ್ದರು. ಕಾಫಿ ತಾನೇ, ಹಾಸನದವಳಿಗೆ ಅದೇನು ಹೊಸದಾ ಅಂತ ಹೋದೆ.

ಸ್ರೆಬ್ರೆನಿತ್ಸಾದ ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಪೂರ್ವ ಬೋಸ್ನಿಯಾದ ಈ ಊರನ್ನು ವಿಶ್ವಸಂಸ್ಥೆ 1993ರಲ್ಲಿ ಸುರಕ್ಷಿತ ಪ್ರದೇಶ ಎಂದು ಸಾರಿತ್ತು. 1995ರ ಜುಲೈ 11ರಂದು ರಾಟ್ಕೊ ಮ್ಲಾದಿಚ್‌ನ ಬೋಸ್ನಿಯನ್ ಸರ್ಬ್ ಸೇನೆ ಅದನ್ನು ಹಿಡಿಯಿತು. ಕೆಲವೇ ದಿನಗಳಲ್ಲಿ 8,000ಕ್ಕೂ ಹೆಚ್ಚು ಮುಸ್ಲಿಂ ಗಂಡಸರನ್ನೂ ಹುಡುಗರನ್ನೂ ಕೊಂದರು. ಆಮೇಲೆ ಗುರುತು ಸಿಗಬಾರದೆಂದು, ಹೂತಿದ್ದ ಗುಂಡಿಗಳನ್ನು ಮತ್ತೆ ಯಂತ್ರಗಳಿಂದ ಅಗೆದು, ಹೆಣಗಳನ್ನು ಬೇರೆ ಕಡೆ ಹೂತರು. ಒಬ್ಬನದೇ ಮೂಳೆಗಳು ಬೇರೆ ಬೇರೆ ಗುಂಡಿಗಳಲ್ಲಿ ಸಿಕ್ಕಿವೆ. ಡಿಎನ್‌ಎ ನೋಡಿ ಗುರುತಿಸಬೇಕಾಯಿತು.

ಜೊತೆಗೆ ಕೂತು ಕಾಫಿ ಕುಡಿಯೋಕೆ ಗಂಡ ಇಲ್ಲವಲ್ಲ ಅನ್ನುವುದೇ ಅಲ್ಲಿನ ವಿಧವೆಯೊಬ್ಬರ ಕೊರಗಾಗಿತ್ತಂತೆ. ಬೋಸ್ನಿಯಾದಲ್ಲಿ ಹುಟ್ಟಿದ ಕಲಾವಿದೆ ಐದಾ ಶೆಹೊವಿಚ್ ಅದನ್ನೇ ಸ್ಮಾರಕ ಮಾಡಿದರು: ಊರ ಚೌಕದಲ್ಲಿ ಸತ್ತವರಿಗಾಗಿ ಬಟ್ಟಲುಗಳಿಗೆ ಕಾಫಿ ತುಂಬಿಸಿ ನೆಲಕ್ಕಿಡುವುದು, ಯಾರೂ ಕುಡಿಯುವುದಿಲ್ಲ. 2006ರಲ್ಲಿ ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ 923 ಬಟ್ಟಲುಗಳಿಂದ ಶುರು. ಆಮೇಲೆ ಪ್ರತಿ ಜುಲೈ 11ಕ್ಕೆ ಒಂದೊಂದು ಊರು. ಬಟ್ಟಲುಗಳನ್ನು ಕೊಟ್ಟವರು ಬೋಸ್ನಿಯಾದ ಮನೆಗಳವರೇ.

ನನಗೆ ಸಿಕ್ಕಿದ್ದು ಒಲೆಯ ಕೆಲಸ. ಜೆಜ್ವಾ ಅಂತ ಉದ್ದ ಹಿಡಿಯ ತಾಮ್ರದ ಪಾತ್ರೆ. ನೀರು ಕುದಿಸಿ, ಸ್ವಲ್ಪ ಪಕ್ಕಕ್ಕೆ ತೆಗೆದಿಟ್ಟು, ತುಂಬಾ ನುಣ್ಣಗೆ ಬೀಸಿದ ಪುಡಿ ಹಾಕಬೇಕು. ನೊರೆ ಉಕ್ಕುವಾಗ ಇಳಿಸಿ, ತೆಗೆದಿಟ್ಟ ನೀರು ಸುರಿಯಬೇಕು. ಸೋಸುವುದಿಲ್ಲ. ರಾತ್ರಿಯೇ ಡಿಕಾಕ್ಷನ್ ಇಳಿಸಿಟ್ಟು ಮಲಗುವ ನಮ್ಮ ಹಾಗಲ್ಲ, ಒಲೆ ಬಿಟ್ಟು ಕದಲುವ ಹಾಗಿಲ್ಲ. ಹೇಗೂ ಯಾರೂ ಕುಡಿಯಲ್ಲ, ನೊರೆ ಯಾಕಜ್ಜಿ ಅಂತ ಪಕ್ಕದ ಒಲೆಯ ಅಜ್ಜಿಯನ್ನು ಕೇಳಿದೆ. "ನನ್ನ ತಮ್ಮನಿಗೆ ನೊರೆ ಬೇಕಮ್ಮ" ಅಂದರು.

ಮಧ್ಯಾಹ್ನ ಆಫೀಸಿನವರು ಊಟಕ್ಕೆ ಇಳಿದರು. ಒಂದು ಕಾಫಿಗೆ ಎಷ್ಟು ಅಂತ ಕೇಳಿದವರೂ ಇದ್ದರು. ಮಾರೋದಲ್ಲ, ಕೊಲೆಯಾದವರಿಗೆ ಮಾಡಿದ್ದು, ನೀವೂ ಒಂದು ಬಟ್ಟಲು ತುಂಬಿಸ್ತೀರಾ? ಇಷ್ಟು ಹೇಳಿ ನಾವು ಸುಮ್ಮನಾಗಬೇಕು. ಇದೇ ಕಷ್ಟದ ಭಾಗ. ಬಾಯಿ ತಾನಾಗಿ ಇತಿಹಾಸ ಒದರೋಕೆ ಹೊರಡುತ್ತದೆ! ಆದರೆ ಬಟ್ಟಲು ತುಂಬಿಸಿ ನೆಲಕ್ಕಿಟ್ಟವರು ತಾವಾಗಿಯೇ ಪ್ರಶ್ನೆ ಕೇಳುತ್ತಿದ್ದರು, ಆಗ ಹೇಳಿದ್ದು ಕಿವಿಗೆ ಬೀಳುತ್ತಿತ್ತು. ವೇದಿಕೆ, ಮೈಕು ಇಟ್ಟಿದ್ದರೆ ಅರ್ಧ ಜನ ನಿಲ್ಲುತ್ತಲೇ ಇರಲಿಲ್ಲ ಅಂತ ನನ್ನ ಲೆಕ್ಕ.

ಒಬ್ಬ ಮಾತ್ರ ಬಂದು, ಈ ಸಂಖ್ಯೆಯೆಲ್ಲ ಸುಳ್ಳು ಅಂತ ಜಗಳಕ್ಕೆ ನಿಂತ. ಯಾರೂ ವಾದಿಸಲಿಲ್ಲ. ಅಜ್ಜಿ ಅವನ ಮುಂದೆಯೂ ಜೆಜ್ವಾ ಹಿಡಿದರು. ಅವನು ಮುಟ್ಟಲಿಲ್ಲ, ಹೊರಟುಹೋದ. ಇಂಥವರ ಮನಸ್ಸು ಅಲ್ಲೇ ಕರಗುತ್ತದೆ ಅಂತ ನಾನು ಹೇಳಲಾರೆ. ಚೌಕದಲ್ಲಿ ಹೊಡೆದಾಟ ಆಗಲಿಲ್ಲ, ಅದೇ ಸಾಕು.

ತೊಳೆಯೋ ಕೆಲಸ ಇದೆಯಲ್ಲ, ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಿಡಿ ಇಲ್ಲದ ಪುಟ್ಟ ಬಟ್ಟಲು, ತಳದಲ್ಲಿ ಚರಟ. ಸಾವಿರಾರು! ಇಂಥದ್ದಕ್ಕೆ ಕೈ ಹಾಕುವವರು ಸಂಜೆಯ ಪಾಳಿಗೆ ಜಾಸ್ತಿ ಜನರನ್ನು ಹೊಂದಿಸಿಕೊಳ್ಳಿ. ಬೆಳಿಗ್ಗೆ ಬಂದವರೆಲ್ಲ ಆಗ ಸುಸ್ತಾಗಿರುತ್ತಾರೆ.

2020ರಲ್ಲಿ, ಹತ್ಯಾಕಾಂಡದ 25ನೇ ವರ್ಷಕ್ಕೆ, ಬಟ್ಟಲುಗಳು ಸ್ರೆಬ್ರೆನಿತ್ಸಾ ಪಕ್ಕದ ಪೊಟೊಚಾರಿ ಸ್ಮಾರಕ ಕೇಂದ್ರಕ್ಕೆ ಬಂದವು, ಊರೂರು ತಿರುಗುವುದು ನಿಂತಿತು. ಅಷ್ಟೊತ್ತಿಗೆ ಅವು 8,372 ಆಗಿದ್ದವು. ಹೋಗುವವರು ಸರಾಯೆವೊದಲ್ಲಿ ಉಳಿದುಕೊಂಡು ಹೋಗಿಬರಬಹುದು. ಜುಲೈ 11ಕ್ಕೆ ಹೊಸದಾಗಿ ಗುರುತು ಸಿಕ್ಕವರ ದಫನ ಇರುತ್ತದೆ, ಜನ ಸಾಗರ. ನಿಧಾನಕ್ಕೆ ನೋಡಿ ತಿಳಿದುಕೊಳ್ಳಬೇಕು ಅಂದರೆ ಬೇರೆ ದಿನ ಹೋಗೋದು ವಾಸಿ.