ಅಂಡಮಾನಿನ ಹವಳ: ತುಳಿಯದೆ ನೋಡುವುದು ಹೇಗೆ?

ಅಂಡಮಾನಿಗೆ ಹೋಗಿ ಬಂದವರ ಫೋಟೊಗಳಲ್ಲಿ ಒಂದು ಭಂಗಿ ತಪ್ಪುವುದೇ ಇಲ್ಲ. ಎದೆಮಟ್ಟದ ನೀರು, ಕಿತ್ತಳೆ ಬಣ್ಣದ ಲೈಫ್ ಜಾಕೆಟ್, ಹಣೆಗೇರಿಸಿದ ಮಾಸ್ಕ್, ಮೇಲೆತ್ತಿದ ಹೆಬ್ಬೆರಳು. ಯಾವುದರ ಮೇಲೆ ನಿಂತಿದ್ದಿರಿ ಎಂದು ಕೇಳಿ ನೋಡಿ, ‘ಬಂಡೆಯ ಮೇಲೆ’ ಎನ್ನುತ್ತಾರೆ. ಆ ಬಂಡೆ ಜೀವಂತ ಹವಳ. ಸಾವಿರಾರು ಪುಟ್ಟ ಜೀವಿಗಳು ಸುಣ್ಣವನ್ನು ಕಟ್ಟಿ ಕಟ್ಟಿ ಬೆಳೆಸಿದ ಮನೆ ಅದು; ಗುಂಡು ಹವಳವಾದರೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. 1998ರಲ್ಲಿ ಮತ್ತು 2010ರಲ್ಲಿ ಕಡಲು ಬಿಸಿಯೇರಿ ಇಲ್ಲಿನ ಹವಳ ಬಿಳಿಚಿಕೊಂಡು ಅಪಾರವಾಗಿ ಸತ್ತಿತು. 2004ರ ಭೂಕಂಪದಲ್ಲಿ ಉತ್ತರ ಅಂಡಮಾನಿನ ಕೆಲವು ಹವಳ ದಿಬ್ಬಗಳು ನೀರಿನಿಂದ ಮೇಲೆದ್ದು ಒಣಗಿಯೇ ಹೋದವು. ಇಷ್ಟೆಲ್ಲ ತಡೆದುಕೊಂಡು ಉಳಿದದ್ದನ್ನು ನೋಡಲು ಹೋಗುವವರು ಕೆಲವು ಸಂಗತಿಗಳನ್ನು ಮನೆಯಲ್ಲೇ ಕಲಿತು ಹೊರಡಬೇಕು.

1. ತಿಂಗಳು ಮತ್ತು ಪರವಾನಗಿ

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹೋಗಿ. ಮುಂಗಾರಿನಲ್ಲಿ ನೀರು ಕದಡಿರುತ್ತದೆ, ದೋಣಿಗಳೂ ಆಗಾಗ ರದ್ದಾಗುತ್ತವೆ. ವಂಡೂರಿನಲ್ಲಿರುವ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನ 1983ರಲ್ಲಿ ಆದದ್ದು. ಅಲ್ಲಿನ ಜಾಲಿಬಾಯ್ ದ್ವೀಪವನ್ನು ಸುಮಾರು ಆರು ತಿಂಗಳು, ರೆಡ್‌ಸ್ಕಿನ್ ದ್ವೀಪವನ್ನು ಉಳಿದ ಆರು ತಿಂಗಳು ಪ್ರವಾಸಿಗರಿಗೆ ತೆರೆಯುತ್ತಾರೆ. ಒಂದು ಕಡೆ ಜನರಿದ್ದಾಗ ಇನ್ನೊಂದು ಕಡೆ ಹವಳಕ್ಕೆ ಬಿಡುವು. ಅರಣ್ಯ ಇಲಾಖೆಯ ಪರವಾನಗಿಯನ್ನು ಮೊದಲೇ ಮಾಡಿಸಿಕೊಳ್ಳಿ, ಗುರುತಿನ ಚೀಟಿ ಜೊತೆಯಲ್ಲಿರಲಿ.

2. ಚೀಲ

ಸ್ಟೀಲ್ ಬಾಟಲಿ, ಬಟ್ಟೆಯ ಚೀಲ. ವಂಡೂರಿನ ಜೆಟ್ಟಿಯಲ್ಲಿ ಪ್ಲಾಸ್ಟಿಕ್ಕಿಗಾಗಿ ತಪಾಸಣೆ ಇರುತ್ತದೆ, ಚಿಪ್ಸ್ ಪೊಟ್ಟಣಕ್ಕಾಗಿ ಅಲ್ಲಿ ವಾದಕ್ಕಿಳಿಯಬೇಡಿ. ಸನ್‌ಸ್ಕ್ರೀನಿನ ಬಗ್ಗೆ ಒಂದು ಮಾತು: ಡಬ್ಬಿಯ ಮುಂಭಾಗದಲ್ಲಿ ‘ಹವಳಸ್ನೇಹಿ’ ಎಂದು ಬರೆದದ್ದನ್ನು ನಂಬಬೇಡಿ, ಹಿಂಭಾಗದಲ್ಲಿ ಸಣ್ಣಕ್ಷರದ ಪಟ್ಟಿಯನ್ನು ಓದಿ. ಆಕ್ಸಿಬೆಂಜೋನ್ ಅಥವಾ ಆಕ್ಟಿನೊಕ್ಸೇಟ್ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಹವಳಕ್ಕೆ ಹಾನಿಯೆಂದು ಪೆಸಿಫಿಕ್ ಸಾಗರದ ದ್ವೀಪದೇಶ ಪಲಾವು (Palau) 2020ರಿಂದ ಈ ರಾಸಾಯನಿಕಗಳಿರುವ ಸನ್‌ಸ್ಕ್ರೀನನ್ನು ನಿಷೇಧಿಸಿದೆ. ನನ್ನನ್ನು ಕೇಳಿದರೆ ಯಾವ ಡಬ್ಬಿಯೂ ಬೇಡ. ತುಂಬುತೋಳಿನ ಈಜುಡುಪು ಹಾಕಿಕೊಳ್ಳಿ. ಬೆನ್ನು ಸುಡುವುದಿಲ್ಲ, ನೀರಿಗೆ ಏನೂ ಸೇರುವುದಿಲ್ಲ, ಹತ್ತಾರು ಬಾರಿ ಬಳಸಬಹುದು.

3. ತೇಲುವುದು

ಎಲ್ಲರೂ ಎಡವುವುದು ಇಲ್ಲೇ. ಸ್ನಾರ್ಕೆಲಿಂಗ್‌ಗೆ, ಅಂದರೆ ಮಾಸ್ಕ್ ಹಾಕಿ ಕೊಳವೆಯಿಂದ ಉಸಿರಾಡುತ್ತ ನೀರಿನ ಮೇಲೆ ತೇಲಿ ನೋಡುವುದಕ್ಕೆ, ಈಜು ಬರಬೇಕಿಲ್ಲ ಎಂದು ದೋಣಿಯವರು ಹೇಳುವುದು ನಿಮ್ಮ ಜೀವದ ಮಟ್ಟಿಗೆ ಬಹುಪಾಲು ನಿಜ, ಏಕೆಂದರೆ ಜಾಕೆಟ್ ಮುಳುಗಲು ಬಿಡುವುದಿಲ್ಲ. ಆದರೆ ಅದೇ ಜಾಕೆಟ್ ನಿಮ್ಮನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸುತ್ತದೆ. ಕಾಲು ಕೆಳಗಿಳಿಯುತ್ತದೆ, ಗಾಬರಿಯಲ್ಲಿ ಆಸರೆ ಹುಡುಕುತ್ತದೆ, ಸಿಗುವುದು ಹವಳ. ಜಿಂಕೆಗೊಂಬಿನಂತೆ ಕವಲೊಡೆದ ಹವಳವಾದರೆ ಚಟ್ಟನೆ ಮುರಿಯುತ್ತದೆ. ಮುರಿಯದಿದ್ದರೂ ಅದರ ಮೈಮೇಲಿನ ತೆಳ್ಳನೆಯ ಲೋಳೆ ಪಾದದಡಿ ಕಿತ್ತುಬರುತ್ತದೆ. ಸೋಂಕು ತಗಲದಂತೆ ಅದನ್ನು ಕಾಯುವುದು ಆ ಲೋಳೆಯೇ.

ಆದ್ದರಿಂದ ಹೊರಡುವುದಕ್ಕೆ ಕೆಲವು ವಾರ ಮೊದಲು, ಸೊಂಟಮಟ್ಟ ನೀರಿರುವ ಈಜುಕೊಳಕ್ಕೆ ಹೋಗಿ ಹೀಗೆ ಅಭ್ಯಾಸ ಮಾಡಿ. ಮುಖ ಕೆಳಗೆ ಮಾಡಿ ಮಲಗಿ. ಕಣ್ಣು ನೇರ ತಳಕ್ಕೆ ನೆಟ್ಟಿರಲಿ. ಮುಂದೆ ನೋಡಲು ತಲೆ ಎತ್ತಿದ ಕೂಡಲೇ ಸೊಂಟ ಇಳಿಯುತ್ತದೆ, ಹಿಂದೆಯೇ ಕಾಲೂ ಇಳಿಯುತ್ತದೆ. ಕೈಗಳನ್ನು ಎದೆಯ ಕೆಳಗೆ ಕಟ್ಟಿಕೊಳ್ಳಿ, ಇಲ್ಲವಾದರೆ ಅವು ಏನನ್ನಾದರೂ ಹಿಡಿಯಲು ಹೋಗುತ್ತವೆ. ಕೊಳವೆಯ ಮೂಲಕ ಬಾಯಿಂದ ನಿಧಾನವಾಗಿ ಉಸಿರಾಡಿ. ಕೊಳವೆಗೆ ನೀರು ನುಗ್ಗಿದರೆ ಒಮ್ಮೆ ಜೋರಾಗಿ ಊದಿದರೆ ಆಯಿತು, ನೀರು ಮೇಲಿನಿಂದ ಚಿಮ್ಮಿ ಹೋಗುತ್ತದೆ. ಮಾಸ್ಕಿನೊಳಗೆ ನೀರು ಬಂದರೆ ತಲೆ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಉಸಿರು ಬಿಡಿ; ನೀರು ಕೆಳಂಚಿನಿಂದ ಹೊರಬೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಣಿದಾಗ ಹೊರಳಿ ಅಂಗಾತ ಮಲಗುವುದನ್ನು ರೂಢಿಸಿಕೊಳ್ಳಿ. ‘ಸಾಕಪ್ಪಾ’ ಅನ್ನಿಸಿದಾಗ ದೇಹ ತಾನೇ ಹೊರಳಬೇಕು, ಕಾಲು ಕೆಳಗೆ ಹೋಗಬಾರದು. ಅಲ್ಲಿಯವರೆಗೂ ಕೊಳ ಬಿಡಬೇಡಿ.

4. ಮಾಸ್ಕ್

ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಅಳತೆಯದು. ಅಂಚಿನಡಿ ಒಂದೆಳೆ ಕೂದಲು ಸಿಕ್ಕಿಕೊಂಡರೂ ನೀರು ಒಸರುತ್ತದೆ. ದಪ್ಪ ಮೀಸೆಯವರಿಗೆ ಸ್ವಲ್ಪ ಕಷ್ಟವೇ. ಮಸುಕಾಗದಿರಲು ಗಾಜಿನ ಒಳಬದಿಗೆ ಎಂಜಲು ಸವರಿ ತೊಳೆಯಿರಿ. ಹೇಸಿಗೆ ಎನಿಸಿದರೆ ಒಂದು ತೊಟ್ಟು ಮಕ್ಕಳ ಶಾಂಪೂ. ಇಡೀ ಮುಖ ಮುಚ್ಚುವ ಅಗ್ಗದ ಮಾಸ್ಕುಗಳು ಆನ್‌ಲೈನಿನಲ್ಲಿ ರಾಶಿ ರಾಶಿ ಸಿಗುತ್ತವೆ, ಕೊಳ್ಳಲೇಬೇಡಿ. ಕಳಪೆಯವುಗಳಲ್ಲಿ ಬಿಟ್ಟ ಉಸಿರು ಒಳಗೇ ಸುತ್ತುತ್ತದೆ, ನೀರು ನುಗ್ಗಿದರೆ ಇಡೀ ಮಾಸ್ಕನ್ನೇ ಕಿತ್ತು ತೆಗೆಯಬೇಕಾಗುತ್ತದೆ. ಕೊರಳಿಗೆ ನೇತುಹಾಕುವ ಮೊಬೈಲ್ ಪೌಚೂ ಬೇಡ. ಅದು ಸೋರುವುದು ಹಾಗಿರಲಿ, ಅದನ್ನು ಸರಿಪಡಿಸಲೆಂದೇ ಜನ ಎದ್ದು ನಿಲ್ಲುತ್ತಾರೆ.

5. ನೀರಿಗಿಳಿಯುವುದು

ಉಬ್ಬರ ಏರುತ್ತಿರುವ ಹೊತ್ತನ್ನು ಕೇಳಿ ತಿಳಿದುಕೊಳ್ಳಿ. ಇಳಿತದಲ್ಲಿ ಹವಳಕ್ಕೂ ನಿಮ್ಮ ಹೊಟ್ಟೆಗೂ ಗೇಣು ಅಂತರವೂ ಇರುವುದಿಲ್ಲ. ಮರಳು ಇರುವ ಕಡೆಯಿಂದಲೇ ಇಳಿಯಿರಿ, ಅಲ್ಲಿಂದಲೇ ಹತ್ತಿ. ಈಜು ಬಾರದವರನ್ನು ಗೈಡ್ ತೇಲುವ ರಬ್ಬರ್ ಟ್ಯೂಬ್ ಹಿಡಿಸಿ ಎಳೆದುಕೊಂಡು ಹೋಗುತ್ತಾನೆ. ನಾಲ್ಕು ಜನರನ್ನು ಒಟ್ಟಿಗೆ ಎಳೆಯುವಾಗ ಅವನೇ ಹವಳಕ್ಕೆ ಕಾಲು ಕೊಟ್ಟು ನಿಲ್ಲುವುದೂ ಉಂಟು. ದೋಣಿಯಲ್ಲಿರುವಾಗಲೇ ‘ಭಯ್ಯಾ, ಹವಳ ಮುಟ್ಟುವುದು ಬೇಡ, ದೂರದಿಂದ ತೋರಿಸಿದರೆ ಸಾಕು’ ಎಂದು ಹೇಳಿಡಿ. ಹೆಚ್ಚಿನವರಿಗೆ ಇದು ಸಂತೋಷವೇ. ಮುಟ್ಟಿಸಿ ಎಂದು ಒತ್ತಾಯಿಸುವವರು ಪ್ರವಾಸಿಗರು. ಮೀನಿಗೆ ಬ್ರೆಡ್ ಎಸೆಯುವ ದೋಣಿಯಾದರೆ ಬೇಡವೆನ್ನಿ. ಹವಳದ ಮೇಲಿನ ಪಾಚಿಯನ್ನು ಮೇದು ಅದನ್ನು ಉಳಿಸುವ ಮೀನುಗಳಿಗೆ ಬ್ರೆಡ್ಡಿನ ರುಚಿ ಹತ್ತುವುದು ಯಾರಿಗೂ ಒಳ್ಳೆಯದಲ್ಲ. ಸುಮ್ಮನೆ ತೇಲುತ್ತಿದ್ದರೆ ಗಿಳಿಮೀನು ಹವಳ ಕೆರೆಯುವ ಕಟಕಟ ಸದ್ದು ನೀರಿನೊಳಗೆ ಸ್ಪಷ್ಟವಾಗಿ ಕೇಳುತ್ತದೆ. ಹಾಗೆ ಕೆರೆದು ತಿಂದದ್ದನ್ನು ಅದು ಹಿಂದಿನಿಂದ ಬಿಳಿ ಪುಡಿಯಾಗಿ ಉದುರಿಸುತ್ತದೆ. ದಡದಲ್ಲಿ ನೀವು ಮೆಚ್ಚಿ ಕಾಲಾಡಿಸಿದ ಮರಳಿನಲ್ಲಿ ಅದರ ಪಾಲೂ ಇದೆ.

ನೀರು ಕಂಡರೆ ಭಯಪಡುವವರಿಗೆ ಗಾಜಿನ ತಳದ ದೋಣಿ ಇದ್ದೇ ಇದೆ. ಲಂಗರನ್ನು ಹವಳದ ಮೇಲೆ ಎಸೆಯದೆ ತೇಲುಗುಂಡಿಗೆ ಕಟ್ಟುವ ದೋಣಿಯನ್ನೇ ಆರಿಸಿ.

6. ಉಳಿದದ್ದು

ಡಿಗ್ಲಿಪುರದ ಕಾಲಿಪುರ ಕಡಲತೀರಕ್ಕೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ; ಅರಣ್ಯ ಸಿಬ್ಬಂದಿಯ ಜೊತೆ, ಫ್ಲ್ಯಾಶ್ ಇಲ್ಲದೆ ನೋಡಿ. ಮೊಸಳೆಯ ಎಚ್ಚರಿಕೆ ಫಲಕವಿದ್ದಲ್ಲಿ ನೀರಿಗೆ ಇಳಿಯಬೇಡಿ. ಇಲ್ಲಿನ ಆದಿವಾಸಿಗಳಾದ ಜಾರವಾ ಜನರ ಮೀಸಲು ಪ್ರದೇಶದ ನಡುವೆ ಹಾಯುವ ರಸ್ತೆಯಲ್ಲಿ ಅವರ ಫೋಟೊ ತೆಗೆಯುವುದು, ತಿಂಡಿ ಎಸೆಯುವುದು ಅಪರಾಧ. ಕೇವಲ ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆ ನೋಡಲು ಆ ದಾರಿ ಹಿಡಿಯುವುದನ್ನೇ ಕೈಬಿಡಿ ಎಂಬುದು ನನ್ನ ಸಲಹೆ.

ಹೊರಡುವ ಮುನ್ನ ಮಕ್ಕಳ ಜೇಬು ತಡಕಿ ನೋಡಿ. ದಡದಲ್ಲಿ ಬಿದ್ದಿದ್ದ ಸತ್ತ ಹವಳದ ಚೂರಾದರೂ ವನ್ಯಜೀವಿ ಕಾಯ್ದೆಯ ಪ್ರಕಾರ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದ ಸ್ಕ್ಯಾನರ್‌ನಲ್ಲಿ ಅದು ಕಾಣುತ್ತದೆ. ಸಿಕ್ಕಿದ್ದನ್ನು ಹೋಟೆಲ್ ಕೋಣೆಯ ಕಸದ ಬುಟ್ಟಿಗೆ ಹಾಕಬೇಡಿ, ಕಡಲಂಚಿಗೇ ಹಿಂದಿರುಗಿಸಿ.