ವಯಸ್ಸಾದ ಬೆಕ್ಕಿಗೆ ಏನಾಗಿದೆ? ಪತ್ತೆ ಹಚ್ಚುವುದು ಹೇಗೆ

ರಾತ್ರಿ ಮೂರು ಗಂಟೆ. ಬಚ್ಚಲುಮನೆ ಬಾಗಿಲ ಹತ್ತಿರ ನಿಂತು ನಮ್ಮ ಚಿನ್ನಿ ಕೂಗುತ್ತಿದ್ದಳು. ಹಸಿವಿನ ಮಿಯಾಂವ್ ಅಲ್ಲ. ಗಂಟಲಾಳದಿಂದ ಎಳೆದೆಳೆದು ಬರುವ ದನಿ. ಎದ್ದು ಹೋಗಿ ತಟ್ಟೆಗೆ ಮೀನಿನ ಚೂರು ಹಾಕಿದೆ. ಮೂಸಿ ನೋಡಿದಳು, ಮತ್ತೆ ಕೂಗಿದಳು. ಆಗ ಅವಳಿಗೆ 14 ವರ್ಷ. ‘ವಯಸ್ಸಾಯ್ತಲ್ಲ, ಅರಳು ಮರಳು’ ಅಂದರು ಮನೆಯವರು. ನಾನೂ ಹೂಂ ಅಂದೆ. ಹನ್ನೆರಡು ರಾತ್ರಿ ಹೀಗೇ ಕಳೆಯಿತು.

ಹದಿಮೂರನೇ ರಾತ್ರಿ ಟ್ಯೂಬ್‌ಲೈಟ್ ಹಾಕಿ ಅವಳ ಮುಖ ನೋಡಿದೆ. ಬೆಳಕು ಬಿದ್ದರೆ ಬೆಕ್ಕಿನ ಕಣ್ಣಿನ ಪಾಪೆ ಸಣ್ಣ ಗೀಟಾಗಬೇಕು. ಇವಳದ್ದು ಕಪ್ಪು ಗೋಲಿಯ ಹಾಗೆ ಅಗಲವಾಗಿಯೇ ಇತ್ತು. ಅಷ್ಟು ದಿನ ನಾನು ದನಿಯನ್ನಷ್ಟೇ ಕೇಳಿದ್ದೆ, ಬೆಕ್ಕನ್ನು ನೋಡಿರಲೇ ಇಲ್ಲ.

ಹತ್ತು ದಾಟಿದ ಬೆಕ್ಕು ಅಂದರೆ ಮನುಷ್ಯರ ಲೆಕ್ಕದಲ್ಲಿ ಐವತ್ತೈದರ ಆಸುಪಾಸು. ಹದಿನೈದಾದರೆ ಎಪ್ಪತ್ತೈದು ದಾಟಿತು ಅಂತಲೇ ಲೆಕ್ಕ. ಈ ವಯಸ್ಸಲ್ಲಿ ಕಿಡ್ನಿ, ಥೈರಾಯ್ಡ್, ಸಕ್ಕರೆ, ಬಿಪಿ, ಹಲ್ಲು, ಕೀಲು ಎಲ್ಲವೂ ಒಂದೊಂದಾಗಿ ಕೈ ಕೊಡುತ್ತವೆ, ನಮ್ಮ ಹಾಗೆಯೇ. ಆದರೆ ಬೆಕ್ಕು ನೋವನ್ನು ಮುಚ್ಚಿಡುತ್ತದೆ. ಕುಂಟುವುದಿಲ್ಲ, ನರಳುವುದಿಲ್ಲ, ಬೀರುವಿನ ಹಿಂದೆ ಹೋಗಿ ಸುಮ್ಮನೆ ಮಲಗುತ್ತದೆ. ಹಾಗಾಗಿ ಅದರ ನೆನ್ನೆಯನ್ನೂ ಇವತ್ತನ್ನೂ ಪಕ್ಕಪಕ್ಕ ಇಟ್ಟು ನೋಡುವುದೊಂದೇ ನಮಗಿರುವ ದಾರಿ.

ಮೊದಲು: ಕಾಯಬಹುದಾ, ಈಗಲೇ ಓಡಬೇಕಾ?

ಕೆಲವು ಲಕ್ಷಣ ಕಂಡರೆ ಮುಂದಿನದ್ದನ್ನು ಓದುತ್ತಾ ಕೂರಬೇಡಿ. ಬುಟ್ಟಿ ತಗೊಂಡು ಹೊರಡಿ.

ಬೆಕ್ಕು ನಾಯಿಯ ಹಾಗೆ ಬಾಯಿ ತೆರೆದು ಉಸಿರಾಡುತ್ತಿದ್ದರೆ. ಹಿಂಗಾಲು ಎರಡೂ ಇದ್ದಕ್ಕಿದ್ದಂತೆ ಬಿದ್ದು, ಪಾದ ತಣ್ಣಗಾಗಿ, ನೋವಿಂದ ಕಿರುಚುತ್ತಿದ್ದರೆ. ಇದು ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಬಂದು ಕಾಲಿನ ರಕ್ತನಾಳಕ್ಕೆ ಅಡ್ಡ ಕೂತದ್ದಿರಬಹುದು. ಫಿಟ್ಸ್ ಬಂದರೆ. ವಸಡು ಬೆಳ್ಳಗೆ ಅಥವಾ ನೀಲಿಗೆ ತಿರುಗಿದ್ದರೆ. ಇದ್ದಕ್ಕಿದ್ದಂತೆ ಕಣ್ಣು ಕಾಣದೆ ಗೋಡೆಗೆ ಡಿಕ್ಕಿ ಹೊಡೆಯುತ್ತಿದ್ದರೆ.

ಗಂಡು ಬೆಕ್ಕಿನ ವಿಚಾರ ಬೇರೆಯೇ ಹೇಳಬೇಕು. ಮತ್ತೆ ಮತ್ತೆ ತನ್ನ ಕಕ್ಕಸಿನ ಟ್ರೇಗೆ ಹೋಗಿ ಕೂತು ತಿಣುಕುತ್ತದೆ, ಏನೂ ಬರುವುದಿಲ್ಲ. ಮನೆಯವರು ‘ಮಲ ಕಟ್ಟಿದೆ’ ಅಂತ ಎಣ್ಣೆ ಕುಡಿಸುತ್ತಾರೆ. ಎಷ್ಟೋ ಸಲ ಕಟ್ಟಿರುವುದು ಮಲವಲ್ಲ, ಉಚ್ಚೆ. ಮೂತ್ರದ ದಾರಿ ಪೂರ್ತಿ ಮುಚ್ಚಿಹೋದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಬೆಳಿಗ್ಗೆ ನೋಡೋಣ ಅನ್ನಬೇಡಿ.

ಊಟ ಬಿಟ್ಟದ್ದೂ ಸಣ್ಣ ವಿಷಯವಲ್ಲ. ಬೆಕ್ಕಿಗೆ ಏಕಾದಶಿ ಆಗಿಬರುವುದಿಲ್ಲ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಎರಡು ಮೂರು ದಿನ ಹಸಿದರೆ ಮೈಯ ಕೊಬ್ಬೆಲ್ಲ ಕರಗಿ ಯಕೃತ್ತಿಗೆ ಬಂದು ತುಂಬಿಕೊಳ್ಳುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ.

ಇನ್ನೊಂದು ಮಾತು. ಮೈ ಬಿಸಿ ಅನ್ನಿಸಿದರೆ ನಮ್ಮ ಕೈ ಮೊದಲು ಹೋಗುವುದು ಪ್ಯಾರಾಸಿಟಮಾಲ್ ಡಬ್ಬಿಗೆ. ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲ. ರಕ್ತ ಆಮ್ಲಜನಕ ಹೊರಲಾಗದೆ ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ. ಅಂದಹಾಗೆ, ಬೆಕ್ಕಿನ ಮೈ ಯಾವಾಗಲೂ ನಮಗಿಂತ ಬಿಸಿಯೇ. 100.4ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅದಕ್ಕೆ ಮಾಮೂಲಿ.

ಎರಡನೆಯದು: ಒಂದು ನೋಟ್‌ಬುಕ್, ಒಂದು ತಕ್ಕಡಿ

ತುರ್ತು ಏನಿಲ್ಲ ಅಂತಾದರೆ ನಾಲ್ಕೈದು ದಿನ ಬರೆದಿಡಿ. ಡಾಕ್ಟರ್ ಮುಂದೆ ‘ಯಾಕೋ ಡಲ್ ಆಗಿದೆ ಸಾರ್’ ಅನ್ನುವುದಕ್ಕೂ ‘ಎರಡು ತಿಂಗಳಲ್ಲಿ 400 ಗ್ರಾಂ ಇಳಿದಿದೆ’ ಅನ್ನುವುದಕ್ಕೂ ಅಜಗಜಾಂತರ.

ತೂಕವೇ ಎಲ್ಲಕ್ಕಿಂತ ಮುಖ್ಯ. ಕೂದಲು ದಟ್ಟವಾಗಿರುವುದರಿಂದ ಬೆಕ್ಕು ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ. ಬೆನ್ನ ಮೇಲೆ ಕೈ ಆಡಿಸಿದಾಗ ಮೂಳೆ ಬಾಚಣಿಗೆಯ ಹಲ್ಲಿನ ಹಾಗೆ ಸಿಕ್ಕಿದರೆ ಆಗಲೇ ತಡವಾಗಿದೆ ಅಂತ ಅರ್ಥ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಲ್ಲಿ. ಆಮೇಲೆ ನೀವೊಬ್ಬರೇ ನಿಂತು ಕಳೆಯಿರಿ. ಇದರಲ್ಲಿ ನೂರಿನ್ನೂರು ಗ್ರಾಂ ಆಚೀಚೆ ಆಗುತ್ತದೆ. ಹಾಗಾಗಿ ನಾನು ಚಿನ್ನಿಯನ್ನು ಮುಚ್ಚಳದ ಬುಟ್ಟಿಯಲ್ಲಿ ಕೂರಿಸಿ ನಮ್ಮ ಬೀದಿಯ ದಿನಸಿ ಅಂಗಡಿಗೆ ಒಯ್ಯುತ್ತಿದ್ದೆ. ‘ಕೆಜಿಗೆ ಎಷ್ಟು?’ ಅಂತ ಅಂಗಡಿಯವರು ಪ್ರತಿ ಸಲವೂ ಕೇಳುತ್ತಿದ್ದರು. ನಾಲ್ಕು ಕೆಜಿಯ ಬೆಕ್ಕು 400 ಗ್ರಾಂ ಇಳಿಯಿತು ಅಂದರೆ 60 ಕೆಜಿಯ ಮನುಷ್ಯ ಆರು ಕೆಜಿ ಕಳೆದುಕೊಂಡ ಹಾಗೆ.

ಆಮೇಲೆ ನೀರು. ಬೆಳಿಗ್ಗೆ ಅಳೆದು ಇಡಿ, ಮಾರನೇ ಬೆಳಿಗ್ಗೆ ಉಳಿದದ್ದನ್ನು ಅಳೆಯಿರಿ. ಕೆಜಿ ತೂಕಕ್ಕೆ ದಿನಕ್ಕೆ 100 ಮಿಲಿಗಿಂತ ಜಾಸ್ತಿ ಕುಡಿದರೆ ಅದು ಖಂಡಿತ ಅಸಹಜ. ಮೀನು, ಕೋಳಿ ತಿನ್ನುವ ಬೆಕ್ಕು ನೀರು ಮುಟ್ಟುವುದೇ ಕಡಿಮೆ. ಅಂಥದ್ದು ಬಕೆಟ್ಟಿಗೆ, ನಲ್ಲಿಗೆ ಬಾಯಿ ಹಾಕಲು ಶುರುಮಾಡಿದರೆ ಅಳೆಯುವ ಮೊದಲೇ ಅನುಮಾನ ಪಡಿ. ಕಿಡ್ನಿ, ಸಕ್ಕರೆ ಕಾಯಿಲೆ, ಥೈರಾಯ್ಡ್ ಮೂರರಲ್ಲೂ ಬಾಯಾರಿಕೆ ಹೆಚ್ಚುತ್ತದೆ, ಉಚ್ಚೆಯೂ ಹೆಚ್ಚುತ್ತದೆ.

ಉಸಿರು ಎಣಿಸುವುದು ಸುಲಭ. ಗಾಢವಾಗಿ ಮಲಗಿದ್ದಾಗ ಎದೆ ಏರಿ ಇಳಿದರೆ ಒಂದು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿ. ದಿನವೂ 30 ದಾಟುತ್ತಿದ್ದರೆ ಹೃದಯ, ಶ್ವಾಸಕೋಶ ತೋರಿಸಬೇಕು.

ಮೂರನೆಯದು: ತಟ್ಟೆಯ ಮುಂದೆ ಏನು ಮಾಡುತ್ತದೆ?

‘ಸೊರಗುತ್ತಿದೆ’ ಅನ್ನುವ ಒಂದೇ ಮಾತಿನೊಳಗೆ ಮೂರ್ನಾಲ್ಕು ಬೇರೆ ಬೇರೆ ಕತೆಗಳಿವೆ. ತಟ್ಟೆಯ ಪಕ್ಕ ನೆಲದ ಮೇಲೆ ಕೂತು ನೋಡಿ.

ಓಡಿ ಬರುತ್ತದೆ, ಬಾಯಿ ಹಾಕುತ್ತದೆ, ಥಟ್ಟನೆ ಹಿಂದೆ ಸರಿಯುತ್ತದೆ. ಅಥವಾ ತಲೆ ಓರೆ ಮಾಡಿ ಒಂದೇ ಕಡೆ ಅಗಿಯುತ್ತದೆ, ಚೂರು ಕೆಳಗೆ ಬೀಳುತ್ತದೆ. ಹಸಿವಿದೆ, ಬಾಯಿ ನೋಯುತ್ತಿದೆ. ಹಲ್ಲು, ವಸಡು, ನಾಲಿಗೆಯ ಬುಡ ನೋಡಿಸಬೇಕು.

ಹತ್ತಿರ ಬಂದು ಮೂಸಿ, ತುಟಿ ನೆಕ್ಕಿ, ಎಂಜಲು ನುಂಗಿ, ತಿರುಗಿ ಹೋಗುತ್ತದೆ. ಇದು ವಾಕರಿಕೆ. ಕಿಡ್ನಿ ಕೆಟ್ಟ ಬೆಕ್ಕುಗಳಲ್ಲಿ ತುಂಬಾ ಕಾಣುತ್ತದೆ. ವಾಂತಿಯೂ ಇದ್ದರೆ ದಾರದ ಬಗ್ಗೆ ಯೋಚಿಸಿ. ಹೂ ಕಟ್ಟುವ ದಾರಕ್ಕೆ ನಮ್ಮ ಮನೆಗಳಲ್ಲಿ ಬರವಿಲ್ಲ ಅಲ್ವಾ. ನುಂಗಿದ ದಾರ ಕರುಳನ್ನು ಸುರುಕು ಹಾಕಿ ಕೊಯ್ಯುತ್ತದೆ. ಬಾಯಲ್ಲೋ ಹಿಂದೆಯೋ ತುದಿ ಕಂಡರೂ ಎಳೆಯಬೇಡಿ. ಹಾಗೇ ಆಸ್ಪತ್ರೆಗೆ ಒಯ್ಯಿರಿ.

ಮೂರನೆಯದು ಜನ ಹೆಚ್ಚು ಮೋಸಹೋಗುವ ಕತೆ. ಗಬಗಬ ತಿನ್ನುತ್ತದೆ, ಕದ್ದೂ ತಿನ್ನುತ್ತದೆ, ಆದರೂ ಇಳಿಯುತ್ತದೆ. ಅಂಡು ಸುಟ್ಟ ಬೆಕ್ಕು ಅಂತೀವಲ್ಲ, ಹಾಗೆ ಒಂದು ಕಡೆ ನಿಲ್ಲದೆ ಸುತ್ತುತ್ತದೆ. ‘ಈ ವಯಸ್ಸಲ್ಲೂ ಎಷ್ಟು ಚುರುಕು ನೋಡಿ’ ಅಂತ ಮನೆಯವರಿಗೆ ಖುಷಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಹೀಗಾಗುತ್ತದೆ. ಸಕ್ಕರೆ ಕಾಯಿಲೆಯಲ್ಲೂ ತಿಂದು ತಿಂದು ಸೊರಗುತ್ತದೆ. ಜಂತುಹುಳದ ಮಾತ್ರೆ ಹಾಕಿ ಸುಮ್ಮನಾಗಬೇಡಿ.

ಹಾಲನ್ನ, ಮೊಸರನ್ನದಲ್ಲೇ ಬೆಳೆದ ಬೆಕ್ಕಾದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಬೆಕ್ಕಿಗೆ ಟಾರಿನ್ ಅನ್ನುವ ಅಂಶ ಮಾಂಸ, ಮೀನಿನಿಂದಲೇ ಸಿಗಬೇಕು. ಅದು ಕಡಿಮೆಯಾದರೆ ಹೃದಯದ ಸ್ನಾಯು ಸಡಿಲವಾಗುತ್ತದೆ ಅಂತ ಅಮೆರಿಕದ ಸಂಶೋಧಕರು 1987ರಲ್ಲಿ ತೋರಿಸಿದರು. ಕಣ್ಣಿನ ಅಕ್ಷಿಪಟವೂ ಹಾಳಾಗುತ್ತದೆ.

ನಾಲ್ಕನೆಯದು: ನೆಗೆತ ಮತ್ತು ಟ್ರೇ

ಕೀಲುನೋವಿನ ಬೆಕ್ಕು ಕುಂಟುವುದು ಅಪರೂಪ. ಎರಡು ಕಾಲೂ ಒಂದೇ ಸಮ ನೋಯುತ್ತಿರುತ್ತವೆ, ಇನ್ನು ಯಾವುದನ್ನು ಕುಂಟುವುದು? ಬದಲಿಗೆ ನೆಗೆಯುವುದನ್ನು ಬಿಡುತ್ತದೆ. 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ನೋಡಿದ ಒಂದು ಅಧ್ಯಯನದಲ್ಲಿ ನೂರಕ್ಕೆ 90ರಲ್ಲಿ ಕೀಲು ಸವೆತ ಕಂಡಿತ್ತು.

ಚಿನ್ನಿಯ ನೆಗೆತ ನನಗೆ ಬಾಯಿಪಾಠ. ಮೊದಲೆಲ್ಲ ನೆಲದಿಂದ ಕಿಟಕಿ ಕಟ್ಟೆಗೆ ಒಂದೇ ಹಾರು. ಆಮೇಲೆ ನೆಲದಿಂದ ಕುರ್ಚಿ, ಕುರ್ಚಿಯಿಂದ ಕಟ್ಟೆ. ಆಮೇಲೆ ಕುರ್ಚಿಯ ಬಟ್ಟೆಗೆ ಉಗುರು ಹಾಕಿ ಎಳೆದುಕೊಂಡು ಹತ್ತುವುದು. ಇಳಿಯುವಾಗ ಮುಂಗಾಲನ್ನು ಗೋಡೆಯ ಮೇಲೆ ಆದಷ್ಟು ಕೆಳಕ್ಕೆ ಜಾರಿಸಿ, ಒಂದು ಕ್ಷಣ ನಿಂತು, ಧೊಪ್ಪನೆ ಬೀಳುವುದು. ಇದಕ್ಕೆಲ್ಲ ಎರಡು ವರ್ಷ ಹಿಡಿಯಿತು, ಹಾಗಾಗಿ ನಮ್ಮ ಕಣ್ಣಿಗೆ ಬೀಳಲಿಲ್ಲ.

ನಿಮ್ಮ ಬೆಕ್ಕಿನ ಸೊಂಟದ ಹತ್ತಿರ ಕೂದಲು ಗಂಟುಗಟ್ಟಿ ಹೊಟ್ಟು ಕಾಣುತ್ತಿದೆಯಾ? ಅಲ್ಲಿಗೆ ತಿರುಗಿ ನೆಕ್ಕಲು ಆಗುತ್ತಿಲ್ಲ. ನಡೆಯುವಾಗ ಉಗುರು ಟಕಟಕ ಅನ್ನುತ್ತಿದೆಯಾ? ಕೆರೆದು ಸವೆಸುವುದನ್ನು ಬಿಟ್ಟಿದೆ. ಟ್ರೇ ಪಕ್ಕದಲ್ಲೇ ಗಲೀಜು ಮಾಡುತ್ತಿದೆಯಾ? ಬೈಯಬೇಡಿ. ಅಂಚು ದಾಟಲು ಕಷ್ಟವಾಗುತ್ತಿರಬಹುದು. ಒಂದು ಬದಿ ಕತ್ತರಿಸಿ ತಗ್ಗಿಸಿ ನೋಡಿ. ನಡೆ, ನೆಗೆತ ಎರಡನ್ನೂ ಮೊಬೈಲಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಬೆಕ್ಕು ಕಲ್ಲಾಗಿ ಕೂರುತ್ತದೆ, ಅಲ್ಲಿ ಏನೂ ಗೊತ್ತಾಗುವುದಿಲ್ಲ.

ಮುಖವೂ ಹೇಳುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಬೆಕ್ಕಿನ ಮುಖ ನೋಡಿ ನೋವು ಅಳೆಯುವ ಪಟ್ಟಿ ಪ್ರಕಟಿಸಿದರು. ಕಿವಿ ಹೊರಕ್ಕೆ ತಿರುಗಿದೆಯಾ, ಕಣ್ಣು ಕಿರಿದಾಗಿದೆಯಾ, ಮೂತಿ ಬಿಗಿದಿದೆಯಾ, ಮೀಸೆ ನೆಟ್ಟಗೆ ಮುಂದಕ್ಕೆ ಚಾಚಿದೆಯಾ, ತಲೆ ಭುಜಕ್ಕಿಂತ ಕೆಳಗಿದೆಯಾ. ಒಂದೊಂದಕ್ಕೂ ಸೊನ್ನೆಯಿಂದ ಎರಡು ಅಂಕ. ಹತ್ತಕ್ಕೆ ನಾಲ್ಕು ಬಂದರೆ ನೋವಿಗೆ ಔಷಧಿ ಬೇಕು. ಇದು ತಕ್ಷಣದ ನೋವಿಗೆ ಮಾಡಿದ ಪಟ್ಟಿ. ಹಳೇ ಕೀಲುನೋವಿಗೆ ನೆಗೆತ ನೋಡುವುದೇ ಒಳ್ಳೆಯದು.

ಐದನೆಯದು: ಮನೆಯಲ್ಲಿ ಏನಾದರೂ ಬದಲಾಯಿತಾ?

ಇದನ್ನು ಬೇಕಂತಲೇ ಕೊನೆಗಿಟ್ಟಿದ್ದೇನೆ. ‘ಮಗಳು ಹಾಸ್ಟೆಲಿಗೆ ಹೋದಳಲ್ಲ, ಅದಕ್ಕೇ ಬೇಜಾರು’ ಅಂತ ಎಲ್ಲರೂ ಇಲ್ಲಿಂದಲೇ ಶುರುಮಾಡುತ್ತಾರೆ. ಬೇಜಾರು ನಿಜವೇ ಇರಬಹುದು. ಜೊತೆಯ ಬೆಕ್ಕು ಸತ್ತದ್ದು, ದೀಪಾವಳಿಯ ಪಟಾಕಿ, ಮನೆಗೆ ಬಂದ ಹೊಸ ಕೂಸು, ಕಿಟಕಿಯಾಚೆ ಬಂದು ಗುರುಗುಟ್ಟುವ ಬೀದಿಬೆಕ್ಕು ಎಲ್ಲವೂ ಮುದಿ ಬೆಕ್ಕನ್ನು ಕಂಗೆಡಿಸುತ್ತವೆ. ಆದರೆ ದೇಹದ ಕಾಯಿಲೆ ಇಲ್ಲ ಅಂತ ಖಾತ್ರಿಯಾಗುವ ತನಕ ಮನಸ್ಸಿನ ಮೇಲೆ ಹಾಕಬೇಡಿ.

ನೆಲ ಒರೆಸುವ ಫಿನೈಲ್, ಬೀರುವಿನ ನುಸಿಗುಳಿಗೆ ಎರಡೂ ಬೆಕ್ಕಿಗೆ ವಿಷ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೂ ಸಾಕು.

ರಾತ್ರಿ ಕೂಗಿದರೆ

ಥೈರಾಯ್ಡ್, ರಕ್ತದೊತ್ತಡ, ನೋವು, ಕಿವುಡು, ಕುರುಡು ಇಷ್ಟನ್ನೂ ನೋಡಿ ಆದಮೇಲೆಯೇ ಮರೆವಿನ ಕಾಯಿಲೆ ಅನ್ನಬೇಕು. ಮರೆವು ಬೆಕ್ಕಿಗೂ ಬರುತ್ತದೆ, ಮೂಲೆಗೆ ಮುಖ ಮಾಡಿ ನಿಲ್ಲುವ ಬೆಕ್ಕುಗಳಿವೆ. ಆದರೆ ಅದನ್ನು ಖಚಿತಪಡಿಸುವ ರಕ್ತಪರೀಕ್ಷೆ ಇಲ್ಲ. ಉಳಿದದ್ದನ್ನೆಲ್ಲ ತೆಗೆದುಹಾಕಿ ಉಳಿಯುವ ಉತ್ತರ ಅದು.

ಡಾಕ್ಟರ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ: ಕ್ರಿಯಾಟಿನಿನ್, ಸಾಧ್ಯವಿದ್ದರೆ ಎಸ್‌ಡಿಎಂಎ (ಎರಡೂ ಕಿಡ್ನಿಯ ರಕ್ತಪರೀಕ್ಷೆ), ಸಕ್ಕರೆ, ಥೈರಾಯ್ಡಿನ ಟಿ4, ಮೂತ್ರಪರೀಕ್ಷೆ, ಬಿಪಿ. ಕ್ರಿಯಾಟಿನಿನ್ ಒಂದನ್ನೇ ನಂಬಬೇಡಿ. ಕಿಡ್ನಿಯ ಮುಕ್ಕಾಲು ಪಾಲು ಶಕ್ತಿ ಹೋದಮೇಲೆ ಅದು ಏರುವುದು. ಖಾಲಿ ತೊಳೆದ ಟ್ರೇ ಇಟ್ಟರೆ ಎಷ್ಟೋ ಬೆಕ್ಕು ಅದರಲ್ಲೇ ಉಚ್ಚೆ ಮಾಡುತ್ತವೆ, ಸಿರಿಂಜಲ್ಲಿ ಎಳೆದು ಒಯ್ಯಬಹುದು. ಬುಟ್ಟಿಯನ್ನು ಮೂರ್ನಾಲ್ಕು ದಿನ ಮೊದಲೇ ಹಳೇ ಸೀರೆ ಹಾಸಿ ನಡುಮನೆಯಲ್ಲಿಡಿ. ಹೊರಡುವಾಗ ಮೇಲೊಂದು ಬಟ್ಟೆ ಮುಚ್ಚಿ.

ನಾವು ಮೊದಲು ಹೋದ ಕಡೆ ಚಿನ್ನಿಗೆ ಜಂತಿನ ಮಾತ್ರೆ ಕೊಟ್ಟು ಕಳಿಸಿದರು. ಬಿಪಿ ನೋಡುವ ಪುಟ್ಟ ಪಟ್ಟಿ ಅಲ್ಲಿರಲಿಲ್ಲ. ಬೆಕ್ಕಿನ ಮುಂಗಾಲಿಗೋ ಬಾಲಕ್ಕೋ ಸುತ್ತುವಷ್ಟು ಚಿಕ್ಕದು ಅದು. ಎಲ್ಲ ಕಡೆ ಇರುವುದಿಲ್ಲ, ಫೋನ್ ಮಾಡಿ ಕೇಳಿಯೇ ಹೋಗಿ. ಎರಡನೇ ಕಡೆ ನೋಡಿದಾಗ ಮೇಲಿನ ಬಿಪಿ 210 ಇತ್ತು. 160 ದಾಟಿದರೇ ಕಣ್ಣು, ಕಿಡ್ನಿಗೆ ಅಪಾಯ. ಅಕ್ಷಿಪಟ ಕಳಚಿಬಂದಿತ್ತು. ಕಿಡ್ನಿಯೂ ಸೋತಿತ್ತು. ಕಾಣದ ಕತ್ತಲಲ್ಲಿ ನಿಂತು ಅವಳು ಕೂಗುತ್ತಿದ್ದದ್ದು ನಮ್ಮನ್ನೇ.

ಅಮ್ಲೋಡಿಪಿನ್ ಮಾತ್ರೆಯ ಸಣ್ಣ ಚೂರು ದಿನಕ್ಕೊಂದು ಬರೆದುಕೊಟ್ಟರು. ಅಪ್ಪ ನುಂಗುವುದೂ ಅದೇ ಮಾತ್ರೆ. ಆದರೆ ಅಳತೆ ಡಾಕ್ಟರೇ ಹೇಳಬೇಕು. ಬಿಪಿ ಇಳಿಯಿತು, ಎರಡು ವಾರದೊಳಗೆ ರಾತ್ರಿಯ ಕೂಗು ನಿಂತಿತು. ಕಣ್ಣು ಬರಲಿಲ್ಲ. ಮೊದಲೇ ಹೋಗಿದ್ದರೆ ಸ್ವಲ್ಪ ಉಳಿಯುತ್ತಿತ್ತೋ ಏನೋ, ಆ ಹನ್ನೆರಡು ರಾತ್ರಿಗಳ ಲೆಕ್ಕ ನನ್ನ ಹತ್ತಿರವೇ ಇದೆ.

ಈಗ ಅವಳು ಗೋಡೆಗೆ ಮೀಸೆ ತಾಗಿಸಿಕೊಂಡು ನಡೆಯುತ್ತಾಳೆ. ಬಚ್ಚಲ ಬಾಗಿಲ ಹತ್ತಿರ ಎಡಕ್ಕೆ, ಆಮೇಲೆ ನೇರ ಕಿಟಕಿಗೆ. ಅಲ್ಲಿನ ಕುರ್ಚಿಯನ್ನು ನಮ್ಮ ಮನೆಯಲ್ಲಿ ಯಾರೂ ಜರುಗಿಸುವುದಿಲ್ಲ. ನೆಂಟರು ಬಂದು ಕೂರಲು ಎಳೆದುಕೊಂಡರೆ ಮಾತ್ರ, ‘ಅದು ಚಿನ್ನಿ ಮೆಟ್ಟಿಲು’ ಅಂತ ಅಮ್ಮ ಬೇರೆ ಕುರ್ಚಿ ತಂದು ಹಾಕುತ್ತಾಳೆ.